ಕೊಟ್ಟಿಗೆಯ ಏಣಿ

"ನೋಡು ಕೂಸೇ, ನೋಡು" ಎಂದು ಕಾಂತರಾಜು ಮೊಬೈಲನ್ನು ಊಟದ ಡಬ್ಬಿಯ ಪಕ್ಕಕ್ಕೇ ತಂದು ಹಿಡಿದ. ನೋಡಬಾರದು ಅಂದುಕೊಳ್ಳುತ್ತಲೇ ತೇಜಸ್ವಿನಿ ನೋಡಿದಳು. ನೀಲಿ ಟಾರ್ಪಾಲಿನ ಮೇಲೆ ಒಂದು ಕೋತಿ ಬಿದ್ದಿತ್ತು. ಕೋತಿ ಎಂದು ಗೊತ್ತಾಗುತ್ತಿದ್ದುದು ಬಾಲದಿಂದ ಮಾತ್ರ. ಉಳಿದದ್ದೆಲ್ಲ ಉಬ್ಬಿ, ಕೂದಲು ಉದುರಿ, ನೆನೆದ ಚಪ್ಪಲಿಯ ಅಟ್ಟೆಯ ಹಾಗೆ ಬೆಳ್ಳಗಾಗಿತ್ತು. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಮೊಸರನ್ನ ಅರ್ಧಕ್ಕೇ ನಿಂತಿತು.

"ಅದಿನೈದು ದಿನ ಟ್ಯಾಂಕಲ್ಲಿತ್ತಂತೆ. ಅದೇ ನೀರ ನಾವೆಲ್ಲ ಕುಡ್ದಿದ್ದು. ನಮ್ಮವ್ವ ಕುಡ್ದಿದ್ದು."

ಕಾಂತರಾಜು ತೇಜಸ್ವಿನಿಗೆ ಸೋದರಮಾವ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಬಸ್ಸು ಇಳಿದು ಎರಡು ಮೈಲಿ ಒಳಗಿರುವ ಎಲಚಿಹುಂಡಿಯವನು, ಪಂಚಾಯಿತಿಯ ಸದಸ್ಯ. ಅಪ್ಪ ಹೋದಮೇಲೆ ತೇಜಸ್ವಿನಿಯ ಅಮ್ಮ ತಮ್ಮನ ಮನೆಯಲ್ಲೇ ಇದ್ದಳು. ಎಲಚಿಹುಂಡಿಯಲ್ಲಿ ಹೋದ ತಿಂಗಳು ವಾಂತಿಭೇದಿ ಶುರುವಾಗಿ ನಲವತ್ತು ಜನ ಹಾಸಿಗೆ ಹಿಡಿದಿದ್ದರು. ಮೂವತ್ತೊಂಬತ್ತು ಜನ ಎದ್ದು ಬಂದರು. ಎದ್ದು ಬಾರದವಳು ಒಬ್ಬಳೇ, ಕಾಂತರಾಜುವಿನ ತಾಯಿ, ತೇಜಸ್ವಿನಿಯ ಅಜ್ಜಿ ದೇವೀರಮ್ಮ.

ವಾಂತಿಭೇದಿ ಶುರುವಾದ ಭಾನುವಾರ ತೇಜಸ್ವಿನಿಯೂ ಊರಿನಲ್ಲಿದ್ದಳು. ಲೋಟದ ನೀರಿನಲ್ಲಿ ಒಂದು ಗಿಡ್ಡ ಕಂದು ಕೂದಲು ತೇಲುತ್ತಿತ್ತು. ದನದ್ದಿರಬೇಕು ಅಂದುಕೊಂಡು, ಬೆರಳಿನಲ್ಲಿ ತೆಗೆದು ಸೀರೆಗೆ ಒರೆಸಿಕೊಂಡು, ನೀರು ಕುಡಿದಿದ್ದಳು. ಅವಳಿಗೆ ಎರಡು ದಿನ ಹೊಟ್ಟೆ ಕೆಟ್ಟಿತು, ಅಷ್ಟೆ. ಆದರೆ ಅಂದಿನಿಂದ ನೀರು ಕುಡಿಯುವಾಗಲೆಲ್ಲ ನಾಲಿಗೆಯ ತುದಿ ತಾನಾಗಿಯೇ ಕೂದಲು ಹುಡುಕುತ್ತಿತ್ತು.

"ಮದನ್ ಸಾರು ನಿನ್ ಮೊಬೈಲ್ಗೆ ರಿಪೋಲ್ಟ್ ಕಳ್ಸವ್ರೆ" ಎಂದ ಕಾಂತರಾಜು. ಮದನ್ ಪಂಚಾಯಿತಿಯ ಪಿಡಿಒ. "ಮೈಸೂರಿಂದ ಬಂದಿದ್ರಲ್ಲ ತಜ್ಞರು, ಅವ್ರು ಬರ್ದಿರೋದು. ಎಲ್ಲಾ ಇಂಗ್ಲಿಷು. ಗುರುವಾರ ಗ್ರಾಮಸಭೆ, ಕನ್ನಡದಲ್ಲಿ ಓದ್ಬೇಕು. ಒಸಿ ಮಾಡ್ಕೊಡು. ಒಂಬತ್ತನೇ ಪ್ಯಾರ ನೋಡು ಮೊದ್ಲು. ಅಲ್ಲೇ ಅದೆ ಎಲ್ಲಾ."

ತಾಲ್ಲೂಕು ಕಚೇರಿಯ ಎದುರು ಹತ್ತಡಿ ಅಗಲದ ಅಂಗಡಿ ಅವಳದು. ಟೈಪಿಂಗ್, ಜೆರಾಕ್ಸ್, ಭಾಷಾಂತರ. ಇಂಗ್ಲಿಷ್ ಎಂ.ಎ. ಮುಗಿಸಿ, ಎರಡು ವರ್ಷ ಕಾಲೇಜುಗಳ ಬಾಗಿಲು ತಟ್ಟಿ, ಕೊನೆಗೆ ಇಲ್ಲಿ ಕೂತಿದ್ದಳು. ಪಹಣಿ, ಕ್ರಯಪತ್ರ, ಮದುವೆ ಸರ್ಟಿಫಿಕೇಟು, ಎಲ್ಲವೂ ಅವಳ ಕೈಯಿಂದ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದವು. ಕೆಳಗೆ ಅವಳ ಸೀಲು, ಸಹಿ.

ಅವಳು ಒಂಬತ್ತನೇ ಪ್ಯಾರಾ ಓದಿದಳು. ನಾಲ್ಕೇ ಸಾಲು. "ಟ್ಯಾಂಕಿಗೆ ಹೋಗೋ ದಾರಿ ಯಾರ ಹತೋಟಿಯಲ್ಲಿತ್ತೋ, ಅವರನ್ನ ಅಕೌಂಟಬಲ್ ಅಂತ ಹಿಡೀಬೇಕು. ಇಷ್ಟೇ ಇರೋದು ಮಾವ. ಹೆಸರಿಲ್ಲ."

"ಎಸ್ರು ನೀನಾಕು. ನೀರುಗಂಟಿ ಮರಿಯಯ್ಯನೇ ಒಣೆಗಾರ ಅಂತ ಬರಿ. ಸಭೆ ಒಪ್ಕಂಡ್ರೆ ಅವತ್ತೇ ಕೆಲ್ಸದಿಂದ ತೆಗ್ದು ಟೇಸನ್ಗೆ ಕಂಪ್ಲೇಂಟ್ ಕೊಡೋದು. ಎಲ್ಲಾ ಮಾತಾಡಿದೀನಿ."

"ಇಲ್ಲದ್ದನ್ನ ಹಾಕಕ್ಕಾಗಲ್ಲ. ಕೆಳಗೆ ನನ್ನ ಸೀಲು ಬೀಳುತ್ತೆ."

"ಸೀಲು!" ಕಾಂತರಾಜು ಬಾಯಲ್ಲಿದ್ದ ಎಲೆಅಡಿಕೆಯನ್ನು ಅವಳ ಮೇಜಿನಡಿಯ ಕಸದ ಬುಟ್ಟಿಗೆ ಉಗಿದ. "ನಿಮ್ಮಜ್ಜಿ ತಿಥಿ ವಡೆ ಇನ್ನೂ ಒಟ್ಟೇಲಿ ಕರಗಿಲ್ಲ, ನಿಂಗೆ ಸೀಲು! ನಿಮ್ಮವ್ವ ಅಟ್ಟೀಲಿ ಕುಂತ್ಕಂಡು ಅಳ್ತಾವ್ಳೆ, ಯಾರ್ನೂ ಕೇಳೋರಿಲ್ವಾ ಅಂತ. ನಿಂಗೇ ಕೇಳ್ಬೇಕು ಅನ್ನುಸ್ತಿಲ್ವಾ?"

ಅವನ ಕಣ್ಣು ನಿಜವಾಗಿಯೂ ತುಂಬಿತ್ತು. ಅದೇ ಅವಳಿಗೆ ಇನ್ನಷ್ಟು ಹೇಸಿಗೆ ತಂದದ್ದು. ಅವನು ಹೋದಮೇಲೆ ಬುಟ್ಟಿಯಲ್ಲಿದ್ದ ಕಾಗದಗಳನ್ನೆಲ್ಲ ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಮುಟ್ಟದೆ ಗಂಟು ಹಾಕಿ, ರಸ್ತೆಯ ತುದಿಯ ಕಸದ ತೊಟ್ಟಿಯವರೆಗೂ ನಡೆದು ಹೋಗಿ ಎಸೆದು ಬಂದಳು.

ಹತ್ತು ಪುಟ ಸುಲಭವಾಗಿ ಸಾಗಿತು. ನೀರಿನಲ್ಲಿ ಏನೇನಿತ್ತು, ಎಷ್ಟೆಷ್ಟಿತ್ತು, ಮುಚ್ಚಳ ಹಾರಿಹೋಗಿ ಎಷ್ಟು ಕಾಲವಾಗಿತ್ತು. ಹದಿನೈದು ದಿನಕ್ಕೊಮ್ಮೆ ಟ್ಯಾಂಕು ತೊಳೆದಿರುವುದಾಗಿ ರಿಜಿಸ್ಟರಿನಲ್ಲಿದೆ, ಆದರೆ ತಳದಲ್ಲಿ ಒಂದು ಗೇಣು ಕೆಸರಿತ್ತು ಎಂದೂ ಬರೆದಿದ್ದರು. ಒಂಬತ್ತನೇ ಪ್ಯಾರಾಕ್ಕೆ ಬಂದು ಅವಳ ಕೈ ನಿಂತಿತು. ನಿಘಂಟಿನಲ್ಲಿ ಅಕೌಂಟಬಲ್ ಎಂಬ ಆ ಒಂದು ಪದಕ್ಕೆ ಐದು ಕನ್ನಡ ಪದಗಳಿದ್ದವು. ಹೊಣೆಗಾರ, ಜವಾಬ್ದಾರ, ಬಾಧ್ಯಸ್ಥ, ಉತ್ತರದಾಯಿ, ಲೆಕ್ಕ ಒಪ್ಪಿಸಬೇಕಾದವನು. ಐದನ್ನೂ ಸಾಲಾಗಿ ಟೈಪು ಮಾಡಿ ನೋಡಿದಳು. ಇಷ್ಟು ವರ್ಷ ಇವನ್ನೆಲ್ಲ ಎಷ್ಟು ಕಾಗದಗಳಲ್ಲಿ ಹಾಕಿರಲಿಲ್ಲ! ಯಾವುದನ್ನು ಹಾಕಿದರೂ ಓದುವವರು ತಲೆಯಾಡಿಸುತ್ತಿದ್ದರು. ಇವು ತಲೆಯಾಡಿಸುವುದಕ್ಕೆಂದೇ ಇರುವ ಪದಗಳು. ಗ್ರಾಮಸಭೆಯಲ್ಲಿ ಮದನ್ ಗಂಟಲು ಸರಿಮಾಡಿಕೊಂಡು 'ಹೊಣೆಗಾರ' ಎಂದು ಓದುತ್ತಾನೆ, ಅದರ ಮುಂದೆ ಯಾರ ಹೆಸರು ಕೂಗಿದರೆ ಅವನ ಕುತ್ತಿಗೆಗೆ ಅದು ಹೋಗಿ ಕೂರುತ್ತದೆ. ಅವಳು ಐದನ್ನೂ ಅಳಿಸಿದಳು.

ಮಾರನೆಯ ದಿನ ಬೆಳಿಗ್ಗೆ ಮರಿಯಯ್ಯ ತಾನೇ ಬಂದ. ಜೊತೆಗೆ ಮಗಳು ದಿವ್ಯ, ತಿ. ನರಸೀಪುರದಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುವವಳು. ದಿವ್ಯ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು. ಮರಿಯಯ್ಯ ಮೆಟ್ಟಿಲ ಕೆಳಗೇ ನಿಂತ.

"ಒಳಕ್ಕೆ ಬಾಪ್ಪ" ಎಂದು ಮಗಳು ಕರೆದಳು.

"ಇಲ್ಲೇ ಆಯ್ತು ಬುಡು. ಗಾಳಿ ಬತ್ತದೆ."

"ಗಾಳಿ ಅಲ್ಲ ಅಕ್ಕ, ಅಭ್ಯಾಸ" ಎಂದಳು ದಿವ್ಯ. ಚೀಲದಿಂದ ಪಂಚಾಯಿತಿಯ ನೋಟಿಸು ತೆಗೆದು ಮೇಜಿನ ಮೇಲಿಟ್ಟಳು. "ಗುರುವಾರ ಸಭೆಗೆ ಬರಬೇಕಂತೆ. ಯಾತಕ್ಕೆ ಅಂತ ಇಲ್ಲ. ರಿಪೋರ್ಟು ನಿಮ್ಮ ಹತ್ರ ಬಂದಿದೆ ಅಂತ ಬಿಲ್ ಕಲೆಕ್ಟರ್ ಸಿದ್ದು ಹೇಳಿದ. ಅಪ್ಪನ ಹೆಸರು ಇದೆಯಾ?"

"ಇಲ್ಲ."

"ಹಾಕ್ತಾರಾ?"

ತೇಜಸ್ವಿನಿ ಮರಿಯಯ್ಯನ ಕಡೆ ತಿರುಗಿದಳು. "ರಿಜಿಸ್ಟರಲ್ಲಿ ಟ್ಯಾಂಕು ತೊಳೆದಿದೀನಿ ಅಂತ ಸೈನ್ ಮಾಡಿದೀರಲ್ಲ, ಯಾಕೆ?"

"ಮಾಡು ಅಂದ್ರು, ಮಾಡ್ದೆ ಕಣವ್ವ. ಒಂದ್ ವರ್ಸದ್ದು ಒಂದೇ ಏಟ್ಗೆ. ಇಪ್ಪತ್ನಾಕು. ಕೈ ನೋವೇ ಬಂದೋಯ್ತು." ಅವನು ನಕ್ಕ. ಮೇಲಿನ ಸಾಲಿನಲ್ಲಿ ಎರಡು ಹಲ್ಲಿರಲಿಲ್ಲ.

"ಯಾವತ್ತಾದ್ರೂ ಹತ್ತಿದ್ರಾ ಮೇಲಕ್ಕೆ?"

ಹಾರಲು ಬರುತ್ತದೆಯೇ ಎಂದು ಕೇಳಿದಳೇನೋ ಅನ್ನುವ ಹಾಗೆ ಮರಿಯಯ್ಯ ಅವಳನ್ನು ನೋಡಿದ. "ನಾನಾ? ನಾನೆಂಗ್ ಅತ್ತನವ್ವ? ನಿಮ್ಗೊತ್ತಿಲ್ವಾ?"

ಅವಳಿಗೆ ಗೊತ್ತಿತ್ತು. ಅವಳು ಮೂರನೆಯ ಕ್ಲಾಸಿನಲ್ಲಿದ್ದಾಗಿನಿಂದ ಗೊತ್ತಿತ್ತು. ಮಕ್ಕಳು ಹತ್ತದಿರಲಿ ಎಂದು ಟ್ಯಾಂಕಿನ ಕಬ್ಬಿಣದ ಮೆಟ್ಟಿಲುಗಳನ್ನು ಒಂದೂವರೆ ಆಳು ಎತ್ತರದಿಂದ ಶುರು ಮಾಡಿದ್ದರು. ಅಲ್ಲಿಗೆ ಮುಟ್ಟಲು ಒಂದು ಬಿದಿರಿನ ಏಣಿ ಬೇಕು. ಆ ಏಣಿ ಇರುತ್ತಿದ್ದುದು ಕಾಂತರಾಜುವಿನ ಕೊಟ್ಟಿಗೆಯಲ್ಲಿ, ಅಟ್ಟದ ಪಕ್ಕ, ಗೋಡೆಗೆ ಒರಗಿಕೊಂಡು. ಟ್ಯಾಂಕು ಕಟ್ಟಿದ ಹೊಸದರಲ್ಲಿ ಕಾಂತರಾಜುವೇ ವಾರಕ್ಕೊಮ್ಮೆ ಹತ್ತಿ ತೊಳೆಯುತ್ತಿದ್ದ. ಸದಸ್ಯನಾದ ಮೇಲೆ ಪಂಚೆ ಎತ್ತಿ ಕಟ್ಟಿ ಏಣಿ ಹತ್ತುವುದು ನಿಂತಿತು. ಏಣಿ ಮಾತ್ರ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಕೆಳಗೆ ವಾಲ್ವು ತಿರುಗಿಸುವುದು ಮರಿಯಯ್ಯನ ಕೆಲಸ. ಮೇಲೆ ಹೋಗುವುದು ಅವನದಲ್ಲ. ಯಾರೂ ಅದನ್ನು ಬರೆದಿಟ್ಟಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ.

ಒಮ್ಮೆ ಮಳೆಗಾಲದಲ್ಲಿ ಕಾಂತರಾಜುವಿಗೆ ಕೈ ಉಳುಕಿದ್ದಾಗ ಮರಿಯಯ್ಯ ಏಣಿಯನ್ನು ಕೊಟ್ಟಿಗೆಯವರೆಗೆ ಹೊತ್ತು ತಂದು ಅಂಗಳದಲ್ಲಿಟ್ಟು ಹೋಗಿದ್ದ. ಅಜ್ಜಿ ಒಂದು ಚೊಂಬು ನೀರಿಗೆ ಹಿಡಿ ಸಗಣಿ ಕಲಸಿ, ಏಣಿಯ ಮೆಟ್ಟಿಲುಗಳ ಮೇಲೆಲ್ಲ ಚಿಮುಕಿಸಿ ಒಳಗೆ ತೆಗೆದುಕೊಂಡಿದ್ದಳು. ಚೊಂಬು ಹಿಡಿದುಕೊಂಡಿದ್ದವಳು ತೇಜಸ್ವಿನಿ. ಅಜ್ಜಿ ಸಿಟ್ಟಿನಿಂದ ಮಾಡಲಿಲ್ಲ. ಹೊಸಲಿಗೆ ರಂಗೋಲಿ ಹಾಕುವ ಹಾಗೆ, ದಿನದ ಕೆಲಸಗಳಲ್ಲಿ ಒಂದು ಅನ್ನುವ ಹಾಗೆ ಮಾಡಿದ್ದಳು.

"ಸಭೇಲಿ ಇದನ್ನ ಹೇಳಪ್ಪ ಅಂದ್ರೆ ಬಾಯಿ ಬಿಡಲ್ಲ ಅಕ್ಕ" ಎಂದಳು ದಿವ್ಯ. "ಬಿಟ್ರೂ 'ಬುದ್ಧಿ' ಅನ್ನೋದೊಂದೇ ಈಚೆಗೆ ಬರೋದು. ಇಪ್ಪತ್ತೆರಡು ವರ್ಷ ಬುದ್ಧಿ ಬುದ್ಧಿ ಅಂದು ಅಂದು, ಇವರ್ಗೇ ಬುದ್ಧಿ ಇಲ್ದಂಗಾಗಿದೆ."

"ನೀನ್ ಸುಮ್ಕಿರವ್ವ. ಓದ್ದೋಳು ನೀನು, ಊರಲ್ಲಿರೋನು ನಾನು."

ದಿವ್ಯ ಕಂಪ್ಯೂಟರಿನ ಪರದೆಯ ಕಡೆ ಬಗ್ಗಿ ನೋಡಿದಳು. "ಅಕೌಂಟಬಲ್‌ಗೆ ಏನು ಬರೀತೀರ? ನಮಗೆ ಕಾಲೇಜಲ್ಲಿ 'ಉತ್ತರದಾಯಿತ್ವ' ಅಂತ ಬರೆಸಿದ್ರು. ಐದು ಮಾರ್ಕಿನ ಪ್ರಶ್ನೆ. ನಾನು ನಾಲ್ಕೂವರೆ ತಗೊಂಡೆ."

"ಅಂಗಂದ್ರೇನು?" ಮೆಟ್ಟಿಲ ಕೆಳಗಿನಿಂದ ಮರಿಯಯ್ಯ ಕೇಳಿದ.

ತೇಜಸ್ವಿನಿ ಸ್ವಲ್ಪ ಯೋಚಿಸಿದಳು. "ಏನಾದ್ರೂ ಕೆಟ್ಟದ್ದಾದ್ರೆ ಯಾರನ್ನ ಹಿಡಿದು ಕೇಳಬೇಕೋ, ಅವರು."

"ಓ, ಕೇಳುಸ್ಕಳೋರು!" ಮರಿಯಯ್ಯನಿಗೆ ಸಮಾಧಾನವಾಯಿತು. "ಅಂಗಾದ್ರೆ ನಾವೇ ಕಣವ್ವ. ಕೇಳೋರ್ ಬ್ಯಾರೆ, ಕೇಳುಸ್ಕಳೋರ್ ಬ್ಯಾರೆ. ನಮ್ಮಪ್ಪನೂ ಕೇಳುಸ್ಕಳೋನೇ ಆಗಿದ್ದ. ನೀವ್ ಅದ್ನೇ ಬರೀರಿ, ತಪ್ಪೇನಿಲ್ಲ."

ದಿವ್ಯ ನೋಟಿಸನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಎದ್ದು ಹೋದಳು. ಮರಿಯಯ್ಯ ಕೈ ಮುಗಿದ. ತೇಜಸ್ವಿನಿಗೆ ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ. ಚೊಂಬು ಹಿಡಿದ ತನ್ನ ಕೈಗಳೇ ನೆನಪಾದವು.

ಅಂದು ಸಂಜೆ ಒಂಬತ್ತನೇ ಪ್ಯಾರಾ ಮುಗಿಸಿದಳು. ನಿಘಂಟಿನ ಯಾವ ಪದವನ್ನೂ ಹಾಕಲಿಲ್ಲ. ಬರೆದದ್ದು ಇಷ್ಟು: 'ಟ್ಯಾಂಕಿನ ಮೇಲಕ್ಕೆ ಹತ್ತುವ ದಾರಿ ಯಾರ ಕೈಯಲ್ಲಿತ್ತೋ ಅವರನ್ನು ಕೇಳಬೇಕು. ಕೇಳಿದಾಗ ಅವರು ಎಲ್ಲರ ಎದುರಿಗೆ ಉತ್ತರ ಹೇಳಬೇಕು.' ಇಂಗ್ಲಿಷಿನಲ್ಲಿ ಇಲ್ಲದ ಒಂದು ಪದವನ್ನೂ ಸೇರಿಸಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. 'ಎಲ್ಲರ ಎದುರಿಗೆ' ಎಂಬುದು ಮಾತ್ರ ಇಂಗ್ಲಿಷಿನಲ್ಲಿ ಇರಲಿಲ್ಲ. ಅದನ್ನು ಅಳಿಸಿದಳು.

ಬುಧವಾರ ಕಾಂತರಾಜು ಬಂದು, ಕನ್ನಡಕ ಹಾಕಿಕೊಂಡು, ಒಂಬತ್ತನೇ ಪ್ಯಾರಾವನ್ನು ಬೆರಳಿಟ್ಟು ಓದಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಹತ್ತುವ ದಾರಿ ಎಂಬಲ್ಲಿ ಬೆರಳು ನಿಲ್ಲುತ್ತದೆ ಎಂದುಕೊಂಡಿದ್ದಳು. ನಿಲ್ಲಲಿಲ್ಲ.

"ಎಸ್ರು ಆಕ್ನಿಲ್ಲ ನೀನು. ಬುಡು, ಇದೇ ಚೆನ್ನಾಗದೆ" ಎಂದ. "ಎಲ್ರಿಗೂ ಅರ್ಥ ಆಯ್ತದೆ. ನೀರು ಬುಡೋನ್ ಕೈಲಲ್ದೆ ಇನ್ಯಾರ್ ಕೈಲಿರ್ತದೆ? ಓದ್ತಿದ್ದಂಗೆ ಜನವೇ ಅವ್ನೆಸ್ರು ಕೂಗ್ತಾರೆ." ತೃಪ್ತಿಯಿಂದ ಕಾಗದವನ್ನು ಕವರಿಗೆ ಹಾಕಿಕೊಂಡ. "ಓದ್ಸಿದ್ದು ದಂಡ ಆಗ್ಲಿಲ್ಲ ನಿನ್ನ. ನಾಳೆ ನೀನೇ ಬಂದು ನಡವಳಿ ಬರಿಬೇಕಂತೆ. ಮದನ್ ಸಾರ್‌ಗೆ ಕನ್ನಡ ಬರ್ಯದ್ ಕಷ್ಟ."

ಅವನು ನಟಿಸುತ್ತಿರಲಿಲ್ಲ. ತನ್ನ ಕೊಟ್ಟಿಗೆಯಲ್ಲಿ ಏಣಿಯಿದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ತನ್ನ ಬೆನ್ನಿನ ಮೇಲೆ ತನಗೊಂದು ಮಚ್ಚೆ ಇದೆ ಎಂಬುದು ಹೇಗೆ ಹೊಳೆಯುವುದಿಲ್ಲವೋ ಹಾಗೆ.

ಗುರುವಾರ ಸಭೆ ಸೇರಿದ್ದು ಶಾಲೆಯ ಅಂಗಳದಲ್ಲಿ, ಟ್ಯಾಂಕಿನ ಎದುರಿಗೇ. ಮೊನ್ನೆ ಮೈಸೂರಿನಿಂದ ಬಂದ ಆಳುಗಳು ತಮ್ಮದೇ ಏಣಿ ತಂದು, ಟ್ಯಾಂಕು ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ, ಹೊಸ ಮುಚ್ಚಳ ಕೂರಿಸಿ, ಅಂಚಿನವರೆಗೂ ನೀರು ತುಂಬಿಸಿ ಹೋಗಿದ್ದರು. ಸಭೆ ಮುಗಿದ ಮೇಲೆ ಮೊದಲ ಸಲ ನೀರು ಬಿಡುವುದೆಂದು ಹೆಂಗಸರು ಬಿಂದಿಗೆಗಳನ್ನು ಸಾಲಿಟ್ಟಿದ್ದರು. ಗಾಳಿಯಲ್ಲಿ ಬ್ಲೀಚಿಂಗ್ ವಾಸನೆ. ಅದರಡಿಯಲ್ಲಿ ಇನ್ನೊಂದು ವಾಸನೆ ಇದೆ ಎಂದು ತೇಜಸ್ವಿನಿಗೆ ಅನ್ನಿಸುತ್ತಲೇ ಇತ್ತು. ತಾಲ್ಲೂಕಿನಿಂದ ನೋಡಲ್ ಅಧಿಕಾರಿಯಾಗಿ ಬಂದಿದ್ದವರು ಮಂಗಳಗೌರಿ ಎಂಬ ಐವತ್ತರ ಹೆಂಗಸು. ಬಿಸಿಲಿಗೆ ಸೆರಗು ತಲೆಯ ಮೇಲೆಳೆದುಕೊಂಡು, ಬಾಟಲಿ ನೀರನ್ನು ಆಗಾಗ ಗುಟುಕರಿಸುತ್ತ ಕೂತಿದ್ದರು.

ಮದನ್ ಓದಿದ. ಒಂಬತ್ತನೇ ಪ್ಯಾರಾ ಬಂದಾಗ ಕಾಂತರಾಜು ಹೇಳಿದ ಹಾಗೆಯೇ ಆಯಿತು.

"ಮರಿಯಯ್ಯ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಅವ್ನೇ ಸಾ ನೀರುಗಂಟಿ! ಸೈನ್ ಅವ್ನೇ ಮಾಡವ್ನೆ!" ಎಂದು ಇನ್ನೊಬ್ಬ. ಮುದುಕಿ ಚಾಮುಂಡಮ್ಮ ಎದ್ದುನಿಂತು, "ನನ್ ಸೊಸೆ ಮೂರ್ ದಿನ ಗ್ಲೂಕೋಸ್ಮೇಲಿದ್ಲು, ಅವ್ನ ಕೈ ಸೇದೋಗ" ಎಂದು ನೆಟಿಗೆ ಮುರಿದಳು. ಮರಿಯಯ್ಯ ಜನರ ಅಂಚಿನಲ್ಲಿ, ಟವೆಲನ್ನು ಕಂಕುಳಲ್ಲಿಟ್ಟುಕೊಂಡು, ಅದನ್ನೆಲ್ಲ ಮಳೆ ಕೇಳಿಸಿಕೊಳ್ಳುವ ಹಾಗೆ ಕೇಳಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ದಿವ್ಯ ತುಟಿ ಕಚ್ಚಿ ನಿಂತಿದ್ದಳು.

"ನಿಲ್ಲಿ ನಿಲ್ಲಿ" ಎಂದರು ಮಂಗಳಗೌರಿ. ಮದನ್ ಕೈಯಿಂದ ಕಾಗದ ತೆಗೆದುಕೊಂಡು ಆ ಸಾಲನ್ನು ಮತ್ತೆ ತಾವೇ ಓದಿದರು. "ಹತ್ತುವ ದಾರಿ ಯಾರ ಕೈಯಲ್ಲಿತ್ತೋ ಅವರನ್ನು ಕೇಳಬೇಕು ಅಂತ ಬರೆದಿದೆ. ಸರಿ, ಕೇಳೋಣ. ಏನ್ರೀ ಮರಿಯಯ್ಯ, ಹೆಂಗೆ ಹತ್ತತಿದ್ರಿ? ತೋರಿಸಿ ಒಂದ್ಸಲ."

ಮರಿಯಯ್ಯ ಟ್ಯಾಂಕಿನ ಬುಡಕ್ಕೆ ಹೋಗಿ, ತಲೆಗಿಂತ ಎಷ್ಟೋ ಮೇಲೆ ಶುರುವಾಗುವ ಕಬ್ಬಿಣದ ಮೆಟ್ಟಿಲುಗಳನ್ನು ನೋಡಿದ. "ಏಣಿ ಬೇಕು ಅವ್ವ" ಎಂದ ಮೆಲ್ಲಗೆ.

"ಏಣಿ ಎಲ್ಲಿದೆ?"

ಮರಿಯಯ್ಯ ನೆಲ ನೋಡುತ್ತಿದ್ದ. ಕೊನೆಗೆ ಬಿಲ್ ಕಲೆಕ್ಟರ್ ಸಿದ್ದು, ಉಪಕಾರ ಮಾಡುವವನ ಉತ್ಸಾಹದಲ್ಲಿ, "ತತ್ತೀನಿ ಮೇಡಂ" ಎಂದು ಓಡಿದ. ಐದು ನಿಮಿಷದಲ್ಲಿ ಏಣಿ ಬಂತು. ಮೆಟ್ಟಿಲುಗಳ ಸಂದಿನಲ್ಲಿ ಒಣಹುಲ್ಲು ಸಿಕ್ಕಿಕೊಂಡಿತ್ತು, ಒಂದು ಕಡೆ ಒಣಗಿದ ಸಗಣಿ ಮೆತ್ತಿತ್ತು. ಯಾರ ಕೊಟ್ಟಿಗೆಯದೆಂದು ಯಾರೂ ಕೇಳಬೇಕಾಗಿರಲಿಲ್ಲ. ಸಿದ್ದು ಅದನ್ನು ಟ್ಯಾಂಕಿನ ಕಂಬಕ್ಕೆ ಒರಗಿಸಿ ಹಿಂದೆ ಸರಿದ.

"ಹತ್ತಿ" ಎಂದರು ಮಂಗಳಗೌರಿ.

ಮರಿಯಯ್ಯ ಚಪ್ಪಲಿ ಬಿಟ್ಟ. ಏಣಿಯ ಎರಡೂ ಪಕ್ಕ ಹಿಡಿದು, ತಡೆದು, ಹಿಂದೆ ತಿರುಗಿ ನೋಡಿ, ಬಲಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟ. ನಲ್ಲಿಯ ಬುಡದ ಕೆಸರು ಅವನ ಅಂಗಾಲಿಗೆ ಮೆತ್ತಿತ್ತು.

"ಏಯ್! ಇಳೀಲಾ!" ಕಾಂತರಾಜು ಕುರ್ಚಿ ಬೀಳಿಸಿಕೊಂಡು ಎದ್ದಿದ್ದ. "ಇಳೀಲಾ ಕೆಳುಕ್ಕೆ! ಮೊನ್ನೆ ತೊಳ್ದು ನೀರ್ ತುಂಬವ್ರೆ, ಕಣ್ ಕಾಣಾಕಿಲ್ವಾ? ಅಷ್ಟ್ ಜನ ಕುಡಿಯೋ ನೀರು! ಯಾವತ್ತಾರ ಅತ್ತಿದ್ಯಾ ನೀನು? ಯಾರ್ ಅತ್ತುಸ್ಕಂಡವ್ರೆ ನಿನ್ನ?"

ಬಿಂದಿಗೆಗಳ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಹೌದೆಂದು ತಲೆಯಾಡಿಸಿದರು. ಆಮೇಲೆ ನಿಲ್ಲಿಸಿದರು. ದಿವ್ಯ ನಕ್ಕುಬಿಟ್ಟಳು. ನಗು ಅಲ್ಲ, ಕೆಮ್ಮಿನ ಹಾಗೆ ಗಂಟಲಿನಿಂದ ಬಂದ ಒಂದು ಸದ್ದು.

ಮಂಗಳಗೌರಿ ಬಾಟಲಿಯ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟರು. "ಯಾವತ್ತೂ ಹತ್ತಿಲ್ವಾ ಇವರು?"

ಕೂಗಿದವರೆಲ್ಲ ಕಾಂತರಾಜುವಿನ ಕಡೆ ನೋಡಿದರು.

"ಮರಿಯಯ್ಯ, ನೀವೇ ಹೇಳಿ."

"ಇಲ್ಲ ಕಣವ್ವ. ಇಪ್ಪತ್ತೆಲ್ಡು ವರ್ಸ್ದಲ್ಲಿ ಇದೇ ಮೊದ್ಲು ಕಾಲಿಟ್ಟಿದ್ದು."

"ಬರ್ಕೊಳ್ಳಿ" ಎಂದರು ಮಂಗಳಗೌರಿ, ತೇಜಸ್ವಿನಿಯ ಕಡೆ ನೋಡದೆ. "ಸದಸ್ಯರು ಹೇಳಿದ್ದೂ ಬರ್ಕೊಳ್ಳಿ. ಹೇಳಿದ ಹಾಗೇ. ಏಣಿ ಎಲ್ಲಿಂದ ಬಂತು ಅನ್ನೋದೂ."

ಕಾಂತರಾಜು ಆಗಷ್ಟೇ ತಾನು ಆಡಿದ್ದನ್ನು ಕೇಳಿಸಿಕೊಂಡವನ ಹಾಗೆ ಸುತ್ತ ನೋಡಿದ. ಅವನ ಕಣ್ಣು ಒಬ್ಬೊಬ್ಬರ ಮುಖಕ್ಕೂ ಹೋಗಿ ಬಂದು ಸೋದರಸೊಸೆಯ ಮೇಲೆ ನಿಂತಿತು. "ತೇಜು, ಏಳವ್ವ ನೀನಾರ. ನಾನ್ ಅಂದಿದ್ದು ಅಂಗಲ್ಲ ಅಂತ ಏಳು. ನೀನು ಓದ್ದೋಳು, ಒಸಿ ಸರಿಯಾಗಿ ಏಳು. ನಮ್ಮವ್ವನ್ನ ಕಳ್ಕಂಡಿರೋನು ನಾನು."

ತೇಜಸ್ವಿನಿ ಬರೆಯುತ್ತಿದ್ದಳು. 'ಇಳೀಲಾ ಕೆಳುಕ್ಕೆ' ಎಂದು ಅವನು ಅಂದ ಹಾಗೇ ಬರೆದಳು, ಒಂದಕ್ಷರ ತಿದ್ದದೆ. 'ಯಾರ್ ಅತ್ತುಸ್ಕಂಡವ್ರೆ ನಿನ್ನ' ಎಂದು ಬರೆದು ಪೂರ್ಣವಿರಾಮ ಹಾಕಿದಳು. ಕೆಳಗೆ 'ಏಣಿಯನ್ನು ಸದಸ್ಯರ ಕೊಟ್ಟಿಗೆಯಿಂದ ತರಲಾಯಿತು' ಎಂದು ಸೇರಿಸಿದಳು.

ತಲೆಯೆತ್ತಿದಾಗ ಟ್ಯಾಂಕಿನ ಬುಡದಲ್ಲಿ ಮರಿಯಯ್ಯ ಇನ್ನೂ ಹಾಗೇ ಇದ್ದ, ಒಂದು ಕಾಲು ನೆಲದ ಮೇಲೆ, ಒಂದು ಕಾಲು ಏಣಿಯ ಮೇಲೆ. ಹತ್ತು ಎಂದೂ ಇಳಿ ಎಂದೂ ಈಗ ಅವನಿಗೆ ಯಾರೂ ಹೇಳುತ್ತಿರಲಿಲ್ಲ. ಬಿಂದಿಗೆಗಳ ಹಿಂದೆ ಹೆಂಗಸರು ನಿಂತಿದ್ದರು. ನೀರು ಬಿಡು ಎಂದೂ ಯಾರೂ ಕೇಳಲಿಲ್ಲ.

ಅವನು ಕಾಲು ಕೆಳಗಿಳಿಸಿದ. ಕಂಕುಳಿನಿಂದ ಟವೆಲು ತೆಗೆದು, ಬಗ್ಗಿ, ತನ್ನ ಹೆಜ್ಜೆ ಬಿದ್ದಿದ್ದ ಮೆಟ್ಟಿಲನ್ನು ಒರೆಸತೊಡಗಿದ. ದಿವ್ಯ ಓಡಿ ಬಂದು ಟವೆಲನ್ನು ಕಿತ್ತುಕೊಂಡಳು.

ಬಿದಿರಿನ ಮೇಲೆ ಕೆಸರಿನ ಹೆಜ್ಜೆ ಅರ್ಧ ಅಳಿಸಿತ್ತು. ಐದು ಬೆರಳುಗಳು ಮಾತ್ರ ಉಳಿದು, ಬಿಸಿಲಿಗೆ ನಿಧಾನವಾಗಿ ಒಣಗುತ್ತಿದ್ದವು.